ಬೆನ್ನಡಿಯ ಕೈ

ನೀಲಿ ಟೋಪಿ, ಅದು ಅವಳೇ, ಕನ್ನಡಕ ಇಲ್ಲದಿದ್ದರೂ ಅಷ್ಟು ತಿಳಿಯುತ್ತದೆ, ಈಜುಕೊಳದ ಆ ತುದಿಯಲ್ಲಿ ನೀರಿನ ಮೇಲೆ ಮಲಗಿರುವ ನೀಲಿ ಚುಕ್ಕೆ ನನ್ನ ಹೆಂಡತಿ, ಅದರ ಪಕ್ಕದಲ್ಲಿ ಮಿನುಗುವ ಬೋಳು ತಲೆ ವಾಚ್ ರಿಪೇರಿಯವನದು, ಅವನ ಭುಜ ಕಾಣುತ್ತದೆ, ಭುಜದಿಂದ ತೋಳು ಇಳಿದು ನೀರಿನೊಳಗೆ ಹೋಗುತ್ತದೆ, ಆಮೇಲೆ ಏನೂ ಕಾಣುವುದಿಲ್ಲ, ನೀರು ಅಲ್ಲಾಡುತ್ತದೆ ಅಷ್ಟೇ, ಕೈ ಎಲ್ಲಿದೆ, ಬೆನ್ನಿನ ನಡುವೆಯೋ, ಇನ್ನೂ ಕೆಳಗೋ, ಅಂಗೈಯನ್ನು ಪೂರ್ತಿ ಹರಡಿದ್ದಾನೋ ಬೆರಳ ತುದಿ ಮಾತ್ರ ಇಟ್ಟಿದ್ದಾನೋ — ಮೇಷ್ಟ್ರೇ, ಸ್ವಲ್ಪ ಈ ಕಡೆ ನೋಡ್ರಪ್ಪ, ಕಿವಿಗೆ ನೀರು ನುಗ್ತಾ ಇದೆ — ಇದು ಬೇಕರಿಯವನು, ನನ್ನ ಎರಡು ಕೈಗಳ ಮೇಲೆ ಅಂಗಾತ ಮಲಗಿದ್ದಾನೆ, ಜೀವನಪೂರ್ತಿ ಮೈದಾ ನಾದಿ ನಾದಿ ತಾನೂ ಉಬ್ಬಿದ ಹಿಟ್ಟಿನಂತಾಗಿದ್ದಾನೆ, ಹೊಟ್ಟೆಯೊಂದು ನಡುಗಡ್ಡೆಯ ಹಾಗೆ ನೀರಿನಿಂದ ಮೇಲೆ ನಿಂತಿದೆ, ನೋಡ್ತಾ ಇದೀನಿ ಕಣಯ್ಯಾ ಅನ್ನುತ್ತೇನೆ, ನೋಡುತ್ತಿರುವುದು ಅಲ್ಲಿ. ನನಗೆ ಸಿಕ್ಕ ಜೋಡಿ ಇದು. ಮೊದಲನೇ ದಿನವೇ ಸೀಟಿ ಹುಡುಗಿ ಹೇಳಿಬಿಟ್ಟಳು, ನಮ್ಮ ಮಗಳಿಗಿಂತ ಚಿಕ್ಕವಳು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಮಾತ್ರಕ್ಕೆ ಟೀಚರ್, ಇಬ್ಬಿಬ್ಬರು ಜೋಡಿ, ಒಬ್ಬರು ದಿಮ್ಮಿ, ಒಬ್ಬರು ಕೈ, ದಿಮ್ಮಿ ಮಲಗಬೇಕು, ಕೈ ಹಿಡೀಬೇಕು, ಆದ್ರೆ ಗಂಡ ಹೆಂಡ್ತಿ ಜೋಡಿ ಆಗೋ ಹಾಗಿಲ್ಲ ಅಂಕಲ್, ಮನೇಲಿರೋ ಜಗಳಾನೆಲ್ಲ ನೀರಿಗೆ ತರ್ತಾರೆ, ನಾನೊಬ್ಳು ಎಷ್ಟು ಜನಾನ ಎತ್ತಿ ದಡಕ್ಕೆ ಹಾಕ್ಲಿ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ. ನಗುತ್ತಾ ಆ ಕಡೆ ಹೋಗಿ ನಿಂತಳು, ಅಲ್ಲಿ ಆ ವಾಚಿನವನು ನಿಂತಿದ್ದ, ಮುಗಿಯಿತು. ಇನ್ನೊಂದು ನಿಯಮ ಉಂಟು, ದಿಮ್ಮಿ ತಾನಾಗಿಯೇ ತೇಲುತ್ತಿದೆ ಎಂದು ಗೊತ್ತಾದರೆ ಕೈಯಾದವರು ಮಾತಾಡದೆ ಮೆಲ್ಲಗೆ ಕೈ ತೆಗೆದು ಎರಡನ್ನೂ ನೀರಿನ ಮೇಲಕ್ಕೆ ಎತ್ತಿ ತೋರಿಸಬೇಕು, ಟೀಚರಿಗೆ ಅದೇ ಗುರುತು, ಬಾಯಿ ಬಿಟ್ಟು ಹೇಳಿದ್ರೋ ಕೆಟ್ಟಿತು, ತೇಲ್ತಾ ಇದೀನಿ ಅಂತ ಗೊತ್ತಾದ ಕೂಡ್ಲೇ ಮನುಷ್ಯ ಮುಳುಗ್ತಾನೆ. ಇಷ್ಟು ದಿನ ಆಯಿತು, ಅವನು ಒಮ್ಮೆಯೂ ಕೈ ಎತ್ತಿಲ್ಲ. ಎತ್ತುತ್ತಾನೆಯೇ, ಕಳ್ಳ. ಯಾವನು ಎತ್ತುತ್ತಾನೆ.

ಬೋರ್ಡು ನೋಡಿದವಳು ಅವಳೇ, ಕಣ್ಣಾಸ್ಪತ್ರೆಯಿಂದ ಬರುವಾಗ ಬಸ್ಸಿನ ಕಿಟಕಿಯಿಂದ, ಹಿರಿಯರಿಗೆ ಕಲಿಕೆ ಮತ್ತು ಹವ್ಯಾಸ ತರಗತಿಗಳು ಎಂದು ಬರೆದಿತ್ತು, ಮರುದಿನ ತಾನೊಬ್ಬಳೇ ಹೋಗಿ ಹೆಸರು ಕೊಟ್ಟು ಬಂದಿದ್ದಾಳೆ, ನನಗೆ ಹೇಳಿದ್ದು ಊಟಕ್ಕೆ ಕೂತಾಗ, ಉಪ್ಪು ಬೇಕಾ ಎಂದು ಕೇಳುವಷ್ಟು ಸಲೀಸಾಗಿ. ಚಿತ್ರ ಬಿಡಿಸೋದು ಇಲ್ವಾ ಅಲ್ಲಿ, ಹಾಡು ಇಲ್ವಾ, ಕಂಪ್ಯೂಟರ್ ಇಲ್ವಾ, ಈ ವಯಸ್ಸಲ್ಲಿ ಈಜು ಯಾಕೆ ಎಂದೆ. ಕೂತು ಮಾಡೋದೆಲ್ಲ ಸಾಕಾಗಿದೆ ರೀ, ಮಲಕ್ಕೊಂಡು ಕಲಿಯೋದು ಅಂದ್ರೆ ಇದೊಂದೇ. ಅದೂ ನಿಜ, ನಾನು ಕಂಡಾಗಿನಿಂದ ಅವಳು ಕೂತೇ ಇದ್ದಾಳೆ, ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾ, ಮಿಷಿನ್ನಿನ ಮೇಲೆ ಬಾಗಿ, ನಾನು ಮನೆಗೆ ಬಂದರೆ ಮೊದಲು ಕಾಣುವುದು ಆ ಬೆನ್ನು, ಬಾಗಿದ ಬೆನ್ನು, ಬಂದ್ರಾ ಎನ್ನುತ್ತದೆ, ತಿರುಗುವುದಿಲ್ಲ, ಸೂಜಿ ಓಡುತ್ತಲೇ ಇರುತ್ತದೆ, ಆ ಬೆನ್ನು ಹೀಗೆ ನೆಟ್ಟಗೆ ಚಾಚಿಕೊಳ್ಳುತ್ತದೆ ಎಂದು ನನಗೇನು ಗೊತ್ತು, ಅದನ್ನು ಚಾಚಿಸಿ ಅಂಗೈಯಲ್ಲಿ ಇಟ್ಟುಕೊಳ್ಳಲು ಊರಿನವರ ಗಡಿಯಾರ ಬಿಚ್ಚುವವನೇ ಬರಬೇಕಾಯಿತೇ. ಹಾಗಾದ್ರೆ ನಾನೂ ಬರ್ತೀನಿ ಎಂದೆ. ನೀವ್ಯಾಕೆ, ನಿಮಗೆ ಎಲ್ಲಾ ಬರುತ್ತಲ್ಲ ಎಂದಳು. ಎಲ್ಲಾ ಬರುತ್ತಲ್ಲ, ಅದನ್ನು ಎಷ್ಟು ಮೆತ್ತಗೆ ಅಂದಳು, ದಾರದ ತುದಿ ಕತ್ತರಿಸಿದ ಹಾಗೆ. ವಾಚಿನವನು ಮೊದಲ ವಾರ ತಂಗಿ ಎನ್ನುತ್ತಿದ್ದ, ಉಸಿರು ಬಿಡು ತಂಗಿ, ಕತ್ತು ಸಡಿಲ ಬಿಡು ತಂಗಿ, ನನ್ನ ಕಿವಿ ತಣ್ಣಗಿತ್ತು, ಎರಡನೇ ವಾರ ತಂಗಿ ಹೋಯಿತು, ನೋಡಿ ಇವ್ರೇ ಎಂದು ಶುರುವಾಯಿತು, ಇವ್ರೇ ಅಂತೆ, ನನ್ನಮ್ಮ ನನ್ನಪ್ಪನನ್ನು ಸಾಯುವವರೆಗೆ ಹಾಗೆ ಕರೆದಳು. ಬಟ್ಟೆ ಬದಲಿಸುವ ಕೋಣೆಯಲ್ಲಿ, ಒದ್ದೆ ಚಡ್ಡಿ ಹಿಂಡುತ್ತಾ, ನನ್ನ ಮುಖ ನೋಡಿ ಒಂದು ಮಾತು ಅಂದ, ನಿಮ್ಮನೆಯವ್ರು ಭಾರನೇ ಇಲ್ಲ ಸಾರ್, ನಾನು ಸುಮ್ನೆ ಕೈ ಇಟ್ಟಿರ್ತೀನಿ ಅಷ್ಟೇ. ಭಾರ ಇಲ್ಲ. ನನ್ನ ಹೆಂಡತಿಯ ಭಾರ ಇವನು ನನಗೆ ಹೇಳುತ್ತಾನೆ. ಹೆಂಡತಿ ಸತ್ತು ಎಷ್ಟೋ ವರ್ಷವಾದ ಗಂಡಸು, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಅಕ್ಕಿನುಚ್ಚಿನಷ್ಟು ಸ್ಕ್ರೂ ಎತ್ತುವ ಬೆರಳು ಅವನದು, ಉದ್ದಕ್ಕೆ, ಸಪೂರಕ್ಕೆ, ಹೆಂಗಸರ ಬೆರಳಿನ ಹಾಗೆ, ನನ್ನವು ಸ್ಪಾನರ್ ಹಿಡಿದು ಗಂಟುಗಟ್ಟಿದ ಬೆರಳು, ರಾತ್ರಿ ಅನ್ನ ಕಲಸುವಾಗ ನೋಡಿಕೊಂಡೆ, ನೋಡಿಕೊಂಡಿದ್ದನ್ನು ಅವಳು ನೋಡಿದಳು, ಯಾಕ್ರೀ, ಕೈಗೇನಾಯ್ತು, ಏನಿಲ್ಲ ತಿನ್ನು.

ಭಾರ ಇಲ್ಲವಂತೆ. ನನ್ನ ಸ್ಕೂಟರಿನ ಹಿಂದೆ ಕೂತರೆ ಇವಳು ಹಿಡಿದುಕೊಳ್ಳುವುದು ಸೀಟಿನ ಹಿಂದಿರುವ ಕಂಬಿಯನ್ನು, ನನ್ನ ಭುಜವನ್ನಲ್ಲ, ಮದುವೆಯಾದ ಹೊಸತರಲ್ಲೂ ಅಷ್ಟೇ, ಗುಂಡಿ ಬಂದರೂ ಕಂಬಿ, ಬ್ರೇಕ್ ಹಾಕಿದರೂ ಕಂಬಿ, ಒಂದು ದಿನವೂ ನನ್ನ ಬೆನ್ನಿಗೆ ಒರಗಿದವಳಲ್ಲ, ಅಂಥವಳು ಅಲ್ಲಿ ತಲೆಯನ್ನು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಬಾಯಿ ಅರೆ ತೆರೆದು — ಕಣ್ಣು ಮುಚ್ಚಿದ್ದು ಇಲ್ಲಿಂದ ಕಾಣುವುದಿಲ್ಲ, ಆದರೆ ಮುಚ್ಚಿರುತ್ತಾಳೆ. ನಾನು ಮೇಷ್ಟ್ರು, ಊರಿಗೆಲ್ಲ ಬ್ರೇಕ್ ಮೇಷ್ಟ್ರು, ಈ ಊರಿನಲ್ಲಿ ಕಾರು ಓಡಿಸುವ ಅರ್ಧ ಜನ ನನ್ನ ಪಕ್ಕ ಕೂತು ಕಲಿತವರು, ಡಾಕ್ಟರು, ಲಾಯರು, ಈ ಬೇಕರಿಯವನ ಮಗ, ನನ್ನ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ, ಅದರ ಮೇಲೆ ನನ್ನ ಬಲಗಾಲು, ಕಲಿಯುವವನಿಗೆ ತಾನೇ ಓಡಿಸುತ್ತಿದ್ದೇನೆ ಎಂಬ ಭ್ರಮೆ, ಓಡಿಸಿಕೊಳ್ಳಲಿ, ಒಂದು ದಿನ ಮಾರ್ಕೆಟ್ ರಸ್ತೆಯ ಜನಜಂಗುಳಿಯಲ್ಲಿ ನಾನು ಸದ್ದಿಲ್ಲದೆ ಕಾಲು ತೆಗೆದುಬಿಡುತ್ತೇನೆ, ಹೇಳುವುದಿಲ್ಲ, ಅವನು ಹೋಗುತ್ತಲೇ ಇರುತ್ತಾನೆ, ಅವತ್ತು ಅವನು ಡ್ರೈವರ್, ಅವನಿಗೆ ಗೊತ್ತೇ ಆಗುವುದಿಲ್ಲ, ನನಗೆ ಮಾತ್ರ ಗೊತ್ತು. ಅದೊಂದು ಸುಖ. ಇವಳಿಗೂ ಕಲಿಸಲು ಹೋದೆ, ಯಾರೂ ಕಲಿಸಲಿಲ್ಲ ಎನ್ನುವ ಹಾಗಿಲ್ಲ, ಕೂರಿಸಿದೆ, ಚಕ್ರ ಹಿಡಿಸಿದೆ, ಏಯ್ ಕ್ಲಚ್, ಏಯ್ ಕನ್ನಡಿ, ಏಯ್ ಎಮ್ಮೆ ಬರ್ತಿರೋದು ಕಾಣಲ್ವಾ, ಒಂದೊಂದು ಏಯ್‌ಗೂ ಅವಳ ಎರಡು ಕಾಲೂ ಮೇಲಕ್ಕೆ ಹಾರುತ್ತಿದ್ದವು, ಕಾರು ಕೆಮ್ಮಿ ನಿಲ್ಲುತ್ತಿತ್ತು, ಹೆದರುಪುಕ್ಕಲಿ, ನನ್ನ ಕಾಲು ಬ್ರೇಕಿನಿಂದ ಒಂದು ಕ್ಷಣ ತೆಗೆಯಲಾಗಲಿಲ್ಲ, ಯಾವ ಧೈರ್ಯದ ಮೇಲೆ ತೆಗೆಯಲಿ, ಕಡೆಗೆ ರೈಲ್ವೆ ಗೇಟಿನ ಹತ್ತಿರ ಬಾಗಿಲು ತೆಗೆದು ಇಳಿದಳು, ಕೈಚೀಲ ತೆಗೆದುಕೊಂಡು ನಡೆದಳು, ನಾನು ಹಿಂದೆ ಹಿಂದೆ ಕಾರು ತೆವಳಿಸಿಕೊಂಡು, ಹತ್ತೇ, ಹತ್ತೇ ಅಂತೀನಿ, ಊರೇ ನೋಡ್ತಿದೆ ಎಂದೆ, ಊರಿಗೆ ಉಪಕಾರಿ ಮನೆಗೆ ಮಾರಿ ಎಂದಳು ತಿರುಗದೆ, ಆ ಬೆನ್ನು ಅಂದಿತು, ಮನೆಯವರೆಗೆ ನಡೆದೇ ಬಂದಳು. ಆಮೇಲೆ ಚಕ್ರ ಮುಟ್ಟಲಿಲ್ಲ. ಹೆದರಿಕೆ ಅವಳದು, ಕೆಟ್ಟ ಹೆಸರು ನನ್ನದು. ಈಗೆಲ್ಲಿ ಹೋಯಿತು ಆ ಹೆದರಿಕೆ, ಇಷ್ಟು ನೀರಿನಲ್ಲಿ, ಪರಿಚಯವೇ ಇಲ್ಲದವನ ಕೈ ಮೇಲೆ, ಅವನು ಏನು ಹೇಳಿ ಕಲಿಸುತ್ತಾನೆ, ಈಗೀಗ ಗುಣುಗುಣು ಎನ್ನುತ್ತಾನೆ, ಕೇಳಿಸುವುದಿಲ್ಲ, ಈ ಮುಚ್ಚಿದ ಹಾಲ್‌ನೊಳಗೆ ಎಲ್ಲ ಮಾತೂ ಗೋಡೆಗೆ ಬಡಿದು ಗೊಗ್ಗರಾಗುತ್ತದೆ, ಕ್ಲೋರಿನ್ನಿನ ವಾಸನೆ ಬೇರೆ, ಕಣ್ಣು ಉರಿಯುತ್ತದೆ, ಕ್ಲೋರಿನ್ನಿಗೇ ಉರಿಯುತ್ತಿದೆ, ಬೇರೆ ಯಾವುದಕ್ಕೂ ಅಲ್ಲ.

ಮೇಷ್ಟ್ರೇ, ಇವತ್ತು ಮತ್ತೆ ಕೈ ಎತ್ತೀರ, ನಾನು ಮಕ್ಕಳೊಂದಿಗ, ಎಂದು ನಡುಗಡ್ಡೆ ಮಾತಾಡುತ್ತದೆ. ಹೋದ ವಾರದ ಮಾತು. ಹೋದ ವಾರ ಅಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕರು, ಯಾವುದಕ್ಕೋ, ಅವಳ ನಗು ಗೋಡೆಗೆ ಬಡಿದು ನನ್ನ ತಲೆಗೆ ಬಡಿಯಿತು, ಏನ್ರೀ ಅದು ಎನ್ನಲು ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದವು, ಮುಷ್ಟಿ ಕಟ್ಟಿದ್ದವು, ಸೀಟಿ ಹುಡುಗಿ ಕಂಡಳು, ಸೂಪರ್ ಅಂಕಲ್, ಬೇಕರಿ ಅಂಕಲ್ ತೇಲಿದ್ರು, ಎಲ್ಲರೂ ಚಪ್ಪಾಳೆ ಹೊಡೆದರು, ನಿಜಕ್ಕೂ ಒಂದು ಗಳಿಗೆ ತೇಲಿದ್ದ ಪಾಪ, ಚಪ್ಪಾಳೆ ಕೇಳಿದ್ದೇ ಗುಳುಂ ಎಂದ, ಎತ್ತಿ ನಿಲ್ಲಿಸಿದಾಗ ಮೂಗಲ್ಲಿ ಬಾಯಲ್ಲಿ ನೀರು, ನಿಮ್ ಕೈ ನನ್ನ ಕೆಳಗೆ, ಕಣ್ಣು ಹೆಂಡ್ತಿ ಮೇಲೆ, ನಾನು ಸತ್ತಿದ್ರೆ ನನ್ನ ಹೆಂಡ್ತಿ ನಿಮಗೆ ಮೊದ್ಲು ಥ್ಯಾಂಕ್ಸ್ ಹೇಳಿ ಆಮೇಲೆ ಅಳ್ತಿದ್ಲು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ದಾರಿಯುದ್ದಕ್ಕೂ ಕಂಬಿ ಹಿಡಿದು ಕೂತಿದ್ದಳು, ಮನೆ ಬಾಗಿಲ ಬೀಗ ತೆಗೆಯುತ್ತಾ ಅಂದಳು, ನನಗೆ ಬೇಕಾದ್ದು ಇದೊಂದು ರೀ, ಇದನ್ನೂ ಕೆಡಿಸಬೇಡಿ. ಇದನ್ನೂ. ಆ ಊ ನನ್ನ ಎದೆಯಲ್ಲಿ ಸೂಜಿಯ ಹಾಗೆ ಇನ್ನೂ ಓಡುತ್ತಿದೆ. ಇವತ್ತು ತೀರ್ಮಾನದ ದಿನ, ತೇಲಿದವರು ಮುಂದಿನ ವಾರದಿಂದ ಬೆಳಗಿನ ತಂಡ, ಹಗ್ಗದ ಆಚೆ, ಕಾಲು ಎಟುಕದ ನೀರು, ತೇಲದವರು ಇಲ್ಲೇ, ಸಂಜೆ, ಎದೆಮಟ್ಟದ ನೀರಿನಲ್ಲಿ ಮತ್ತೆ ಮೊದಲಿಂದ, ನಾನಂತೂ ಇಲ್ಲೇ, ನನ್ನ ಸರದಿ ಬಂದರೆ ಕಾಲು ಮೊದಲು ಮುಳುಗುತ್ತದೆ, ಬಲಗಾಲು, ನೆಲ ಹುಡುಕುತ್ತದೆ, ಅಂಕಲ್ ನೆಲ ಬಿಡಿ, ಬಿಡಿ ಅಂಕಲ್, ಹೇಗೆ ಬಿಡಲಿ, ಬಿಟ್ಟು ಕಲಿತ ಕಾಲಲ್ಲ ಇದು. ವಾಚಿನವನು ಹೋದ ವಾರವೇ ತೇಲಿ ಮುಗಿಸಿದ್ದಾನೆ, ಹಿಡಿದಿದ್ದವಳು ಇವಳು, ಎರಡೂ ಕೈ ಎತ್ತಿ ತೋರಿಸಿದವಳು ಇವಳು, ಅರಳಿದ ಮುಖ. ಇವತ್ತು ಇವಳೂ ಪಾಸಾದರೆ ಬೆಳಿಗ್ಗೆ ಎದ್ದು, ನಾನು ಹಾಸಿಗೆಯಲ್ಲಿರುವಾಗ, ಒಬ್ಬಳೇ ಬಸ್ಸು ಹತ್ತಿ, ಆ ಆಳಕ್ಕೆ, ಅವನ ಜೊತೆ — ಮಗಳು ಫೋನಿನಲ್ಲಿ ನಗುತ್ತಾಳೆ, ಅಪ್ಪ, ಅಮ್ಮ ಆಚೆ ದಡ ಸೇರ್ತಾಳಂತೆ, ನೀನು ಯಾವಾಗ. ಒಂದು ಏಯ್ ಸಾಕು. ನನಗೆ ಗೊತ್ತು, ನನಗಿಂತ ಯಾರಿಗೆ ಗೊತ್ತು, ಇಲ್ಲಿಂದಲೇ ಹೊಟ್ಟೆಯಿಂದ ಒಂದು ಏಯ್ ಎಂದರೆ ಆ ಎರಡು ಕಾಲೂ ಎದ್ದು ಮೈ ಮುದುಡಿ ನೀರಿಗೆ ಇಳಿಯುತ್ತಾಳೆ, ಎಲ್ಲಿದ್ದರೂ ಇಳಿಯುತ್ತಾಳೆ, ಆಮೇಲೆ ಇಬ್ಬರೂ ಸಂಜೆಯ ತಂಡ, ಎದೆಮಟ್ಟದ ನೀರು, ಮತ್ತೆ ಮೊದಲಿಂದ, ಅವನೊಬ್ಬನೇ ಬೆಳಿಗ್ಗೆ ಗಡಿಯಾರ ನೋಡಿಕೊಂಡು ಈಜಲಿ. ಬೇಕಿದ್ದರೆ ಸೊಳ್ಳೆ ಕಚ್ಚಿತು ಎನ್ನುತ್ತೇನೆ, ಬೇಕರಿಯವನು ಜಾರಿದ ಎನ್ನುತ್ತೇನೆ. ಎದೆ ತುಂಬ ಗಾಳಿ ಎಳೆದುಕೊಂಡಿದ್ದೇನೆ, ಬಾಯಿ ತೆರೆದಿದ್ದೇನೆ, ಬಲಗಾಲು ನೆಲದ ಹೆಂಚನ್ನು ಒತ್ತುತ್ತಿದೆ, ಹೆಬ್ಬೆರಳಿಂದ ಹಿಮ್ಮಡಿಯವರೆಗೆ ಪೂರ್ತಿ, ಅಲ್ಲಿ ಆ ಬೋಳು ತಲೆ, ಆ ಭುಜ, ಭುಜ ಅಲ್ಲಾಡಿತೇ, ಕೈ ಇನ್ನೂ ಕೆಳಗೆ ಹೋಯಿತೇ, ಎಲ್ಲಿಗೆ —

ಮೇಲೆ ಬಂತು. ತೋಳು ಮೇಲೆ ಬಂತು, ಮೊಣಕೈ, ಮಣಿಕಟ್ಟು, ಒಂದಲ್ಲ ಎರಡೂ, ಪೊಲೀಸರಿಗೆ ಸಿಕ್ಕ ಕಳ್ಳನ ಹಾಗೆ ಬೋಳು ತಲೆಯ ಎರಡೂ ಕಡೆಗೆ ಎದ್ದು ನಿಂತವು, ಕನ್ನಡಕ ಬೇಡ ಇದಕ್ಕೆ, ಬೆರಳು ಅಗಲಿಸಿದ ಎರಡು ಕೈ, ನೀರು ತೊಟ್ಟಿಕ್ಕುತ್ತಿದೆ, ನೀಲಿ ಟೋಪಿ ಇದ್ದಲ್ಲೇ ಇದೆ, ಮುಳುಗಲಿಲ್ಲ, ಅಲ್ಲಾಡಲಿಲ್ಲ, ಹಾಗಾದರೆ ಅವಳ ಬೆನ್ನ ಕೆಳಗೆ ಈಗ — ಯಾರದು — ಏನೂ ಇಲ್ಲ, ನೀರು, ಬರೀ ನೀರು, ಅವಳ ಭಾರ ಯಾರ ಮೇಲೂ ಇಲ್ಲ, ಸೀಟಿ ಹುಡುಗಿಯೂ ಊದದೆ ನಿಂತಿದ್ದಾಳೆ, ನನ್ನ ತೆರೆದ ಬಾಯಿ ತೆರೆದೇ ಇದೆ, ಎಳೆದ ಗಾಳಿ ಒಳಗೇ ಇದೆ, ಇನ್ನು ಯಾವ ಕೈಯನ್ನು ದ್ವೇಷಿಸಲಿ, ಎರಡೂ ಮೇಲಿವೆ, ಹಿಡಿದದ್ದು ಏನೂ ಇಲ್ಲ, ಬಿಟ್ಟದ್ದು ಅವಳಿಗೆ ಗೊತ್ತಿಲ್ಲ, ನೀಲಿ ಟೋಪಿ ಹಗ್ಗದ ಕಡೆಗೆ ಸ್ವಲ್ಪ ಸರಿಯಿತು, ತಾನಾಗಿ, ಎರಡು ಕೈ, ಬರಿಗೈ, ಮೇಲೆ —