ಕರೆದರೂ ಬರಬೇಡಿ

ಇತಿಹಾಸ ಕಲಿಸಲು ಹೊರಟವರಿಗೆ ಪಾಠ ಹೇಳುವುದು ನನ್ನ ಕೆಲಸವಾಗಿತ್ತು. ಅವರು ಶಾಲೆಗಳಲ್ಲಿ ಅಭ್ಯಾಸ ಪಾಠ ಮಾಡುವಾಗ ನಾನು ಕೊನೆಯ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ಆ ವರ್ಷದ ವಿದ್ಯಾರ್ಥಿಗಳಲ್ಲಿ ಒಬ್ಬಳದು ತೀರ ಮೆದು ದನಿ. ಮಕ್ಕಳ ಮುಂದೆ ನಿಂತರೆ ಗಂಟಲೊಣಗುತ್ತಿತ್ತು. ಆದರೆ ಅಂದು ಅವಳ ಮುಖದಲ್ಲಿ ಗೆಲುವಿತ್ತು. ಸೈನಿಕರು ಊರಿಗೆ ನುಗ್ಗಿ ಮನೆಮನೆ ಶೋಧಿಸಿದ ದಿನಗಳನ್ನು ಪುಸ್ತಕ ಓದಿಸದೆ, ಆಟವಾಡಿಸಿ ಕಲಿಸುತ್ತೇನೆ ಎಂದಿದ್ದಳು. ಕೆಲವು ಮಕ್ಕಳು ಸೈನಿಕರು, ಉಳಿದವರು ಅಡಗಿಕೊಳ್ಳುವವರು.

"ನಿಮ್ಮ ಹುಡುಗಿ ಇವತ್ತು ಯುದ್ಧ ಮಾಡಿಸ್ತಾಳಂತೆ ಮೇಡಂ. ನನ್ನ ಗಂಟೆ ಒಂದು ಉಳಿದ್ರೆ ಸಾಕು" ಎಂದ ಶಾಲೆಯ ಜವಾನ, ನಾನು ಕೂರುವ ಬೆಂಚಿನ ಸೀಮೆಸುಣ್ಣದ ಪುಡಿಯನ್ನು ತನ್ನ ಹೆಗಲ ಬಟ್ಟೆಯಿಂದ ಒರೆಸುತ್ತ. ಮಂಡಿ ನೋವಿನವಳೆಂದು ಬಾಗಿಲ ಪಕ್ಕದ ಜಾಗವನ್ನೇ ನನಗೆ ಇಟ್ಟಿದ್ದ.

ಆಟಕ್ಕೆ ಮೊದಲು ಅವಳು ತನ್ನ ಅಜ್ಜಿಯ ಮನೆಯಲ್ಲೇ ನಡೆದದ್ದನ್ನು ಹೇಳಿದಳು. ಅಜ್ಜಿಯ ಅಣ್ಣ ಅಟ್ಟದ ಮೇಲೆ ಅಡಗಿದ್ದನಂತೆ. ಸೈನಿಕರು ಅವನ ತಾಯಿಯ ಬೆನ್ನಿಗೆ ಬಂದೂಕು ಹಿಡಿದು, ಅವಳ ಬಾಯಿಂದಲೇ ಅವನನ್ನು ಕರೆಸಿದರು. ಅಮ್ಮ ಕರೆದಳೆಂದು ಹುಡುಗ ಇಳಿದು ಬಂದ. ಆಮೇಲೆ ಅವನನ್ನು ಕಂಡವರಿಲ್ಲ.

"ಅದಕ್ಕೇ ಹೇಳ್ತಿದೀನಿ" ಎಂದಳು ಅವಳು, ಮಕ್ಕಳತ್ತ ಬಾಗಿ. "ಯಾರು ಹೆಸರು ಹಿಡಿದು ಕರೆದ್ರೂ ಬರ್ಬೇಡಿ. ಅಮ್ಮನ ದನಿ ಕೇಳಿದ್ರೂ ಬರ್ಬೇಡಿ. ಅವರೆಲ್ಲ ಹೋದ್ಮೇಲೆ ನಾನೇ ಬಂದು 'ದೀಪ ಹಚ್ಚಿ' ಅಂತೀನಿ. ಆಗ ಬನ್ನಿ."

ಇಷ್ಟು ಚೆನ್ನಾಗಿ ಅವಳು ಪಾಠ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಮಕ್ಕಳು ಜಗಲಿಗೂ ಅಂಗಳಕ್ಕೂ ಚದುರಿದರು. ಅವರ ಹಿಂದೆ ನಾವೂ ಹೊರಗೆ ಬಂದೆವು. ಆಟ ಇನ್ನೂ ಅರ್ಧದಲ್ಲಿತ್ತು, ಶಾಲೆ ಬಿಡುವ ಗಂಟೆ ಹೊಡೆಯಿತು. ಆ ದಿನ ಶಿಕ್ಷಕರ ಸಭೆ ಇದೆಯೆಂದು ಬೇಗ ಬಿಟ್ಟಿದ್ದರಂತೆ. ನಮಗೆ ಯಾರೂ ಹೇಳಿರಲಿಲ್ಲ. ಅಡಗಿದ್ದವರು ಕೇಕೆ ಹಾಕುತ್ತ ಹೊರಬಿದ್ದು, ಬ್ಯಾಗು ಎಳೆದುಕೊಂಡು ಗುಂಪಿನಲ್ಲಿ ಕರಗಿಹೋದರು. ಅವಳು ಹೇಳಬೇಕಾಗಿದ್ದ ಮಾತು ಬಾಯಲ್ಲೇ ಉಳಿಯಿತು.

ನಾವಿಬ್ಬರೂ ಕೂತಿದ್ದ ಆ ಸಭೆ ಮುಗಿಯುವ ಹೊತ್ತಿಗೆ ಎದುರು ಬೀದಿಯ ಟೈಲರ್ ಹೆಂಗಸು ಗೇಟಿನಲ್ಲಿ ನಿಂತಿದ್ದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಅವಳ ಮಗಳು ಗುಬ್ಬಿ ಮನೆಗೆ ಬಂದಿರಲಿಲ್ಲ. ಮೊದಲು ಯಾರೂ ಗಾಬರಿಯಾಗಲಿಲ್ಲ. ಗೆಳತಿಯರ ಮನೆಗೆ ಆಳು ಹೋಯಿತು. ಎಲ್ಲಿಯೂ ಇಲ್ಲ ಎಂದು ತಿರುಗಿ ಬಂದಿತು. ಗುಬ್ಬಿಯ ಬ್ಯಾಗು ತರಗತಿಯ ಬೆಂಚಿನ ಮೇಲೇ ಇದ್ದುದನ್ನು ಕಂಡ ಮೇಲೆ ಎಲ್ಲರೂ ಹುಡುಕಲು ಎದ್ದೆವು.

ಕಕ್ಕಸು, ಮಹಡಿ, ಮುರಿದ ಬೆಂಚುಗಳ ಕೋಣೆ, ಎಲ್ಲ ನೋಡಿದೆವು. ಹಿತ್ತಲಿನ ನೀರಿನ ಸಂಪಿನ ಮುಚ್ಚಳ ಒಂದು ಪಕ್ಕಕ್ಕೆ ಸರಿದಿತ್ತು. ಅದನ್ನು ಕಂಡ ಜವಾನ ಗುಬ್ಬಿಯ ತಾಯಿಗೆ ಕಾಣದಂತೆ ಅಡ್ಡ ನಿಂತು, "ಅಕ್ಕಾ, ತರಗತೀಲಿ ಇನ್ನೊಂದ್ಸಲ ಕೂಗಿ ನೋಡಿ" ಎಂದು ಕಳಿಸಿ, ಆಮೇಲೆ ಉದ್ದನೆಯ ಬಿದಿರು ತಂದು ಸಂಪಿಗೆ ಇಳಿಸಿದ. ಬಿದಿರು ನಿಧಾನವಾಗಿ ಒಳಗೆ ತಿರುಗುತ್ತಿತ್ತು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಏನೂ ತಗಲಲಿಲ್ಲ. "ಮೂಲೆಗಳು ಸಿಗ್ತಿಲ್ಲ" ಎಂದು ಅಂಗಿ ಬಿಚ್ಚತೊಡಗಿದ.

ತರಗತಿಯಿಂದ ತಾಯಿಯ ದನಿ ಕೇಳುತ್ತಿತ್ತು. "ಗುಬ್ಬೀ, ಬಾರೇ. ಬೈಯಲ್ಲ ಕಣೇ. ಬಾ ನನ್ನವ್ವ." ಶಿಕ್ಷಕರು ಜಗಲಿಯುದ್ದಕ್ಕೂ "ಆಟ ಮುಗೀತು ಪುಟ್ಟಾ, ಬಾ" ಎಂದು ಆದಷ್ಟು ಸಿಹಿಯಾಗಿ ಕೂಗುತ್ತಿದ್ದರು. ನನ್ನ ವಿದ್ಯಾರ್ಥಿನಿ ಮಾತ್ರ ಕೂಗುವವರಲ್ಲಿ ಇರಲಿಲ್ಲ. ಮುಖ್ಯೋಪಾಧ್ಯಾಯಿನಿ ಅವಳನ್ನು ಕೋಣೆಯಲ್ಲಿ ಕೂರಿಸಿ ಕೇಳಿದ್ದನ್ನೇ ಕೇಳುತ್ತಿದ್ದರು. ಅವಳಿಗೆ ಬಾಯೇ ಬಿಡಲಾಗುತ್ತಿರಲಿಲ್ಲ.

ಸಂಜೆ ಕವಿಯುತ್ತಿತ್ತು. ಜವಾನ ಒಂದು ಕಾಲನ್ನು ಸಂಪಿನೊಳಗೆ ಇಟ್ಟು ನನ್ನತ್ತ ತಿರುಗಿದ. "ಮೇಡಂ, ಏನೂ ಕಾಣ್ತಿಲ್ಲ. ಹೊರಗಿನ ದೀಪ ಹಾಕಿಸ್ತೀರಾ?"

ದೀಪ ಎಂಬ ಮಾತು ಕೇಳಿದ್ದೇ ನನಗೆ ಹೊಳೆಯಿತು. ಊರೆಲ್ಲ ಆ ಮಗುವನ್ನು ಹೆಸರು ಹಿಡಿದು ಕರೆಯುತ್ತಿತ್ತು. ತಾಯಿ ಕರೆಯುತ್ತಿದ್ದಳು. ಯಾರು ಕರೆದರೂ ಬರಬೇಡ ಎಂದು ಅವಳಿಗೆ ಕಲಿಸಿದ್ದೇ ನಮ್ಮ ಪಾಠ.

ಮಂಡಿಯನ್ನು ಮರೆತು ಓಡಿದೆ. ಮುಖ್ಯೋಪಾಧ್ಯಾಯಿನಿಯ ಕೋಣೆಯಿಂದ ನನ್ನ ವಿದ್ಯಾರ್ಥಿನಿಯನ್ನು ಕೈಹಿಡಿದು ಎಬ್ಬಿಸಿ ತರಗತಿಗೆ ಕರೆತಂದೆ. ಕರಿಹಲಗೆಯ ಮುಂದಿನ ಮರದ ವೇದಿಕೆಯ ಮೇಲೆ ತಾಯಿ ನಿಂತಿದ್ದಳು. ಕೂಗಿ ಕೂಗಿ ದನಿ ಒಡೆದಿತ್ತು. ಒಂದು ಗಳಿಗೆ ಸುಮ್ಮನಿರಮ್ಮ ಎಂದು ಬೇಡಿಕೊಂಡೆ. ಜಗಲಿಯಲ್ಲಿದ್ದವರನ್ನೂ ಸುಮ್ಮನಾಗಿಸಿದೆ.

"ಪಾಠ ಮುಗಿಸಮ್ಮ" ಎಂದೆ ನನ್ನ ವಿದ್ಯಾರ್ಥಿನಿಗೆ.

ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ.

"ಅವರೆಲ್ಲ ಹೋದ್ರು" ಎಂದಳು. "ದೀಪ ಹಚ್ಚಿ."

ಏನೂ ಇಲ್ಲ. ಆಮೇಲೆ ತಾಯಿಯ ಕಾಲಡಿಯಲ್ಲಿ ಏನೋ ಕೆರೆದ ಸದ್ದಾಯಿತು. ಭೂಪಟಗಳ ಸ್ಟ್ಯಾಂಡು ಅಲುಗಿತು. ಅದರ ಹಿಂದೆ ವೇದಿಕೆಯ ಪಕ್ಕದ ಹಲಗೆಯೊಂದು ಸರಿದು, ಧೂಳು ಮೆತ್ತಿದ ಪುಟ್ಟ ಕೈ, ಆಮೇಲೆ ತಲೆ ಹೊರಬಂತು. ತುಟಿ ಕಚ್ಚಿ ಕಚ್ಚಿ ರಕ್ತ ಒಸರಿತ್ತು. ಕೆಮ್ಮು ಬರದಿರಲೆಂದು ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದಳಂತೆ.

"ಉಳಿದವರನ್ನೆಲ್ಲ ಹಿಡ್ಕೊಂಡು ಹೋದ್ರಾ ಟೀಚರ್?" ಎಂದು ಪಿಸುಗುಟ್ಟಿದಳು.

ತಾಯಿ ವೇದಿಕೆಯಿಂದ ಇಳಿದು ಅವಳೆದುರು ಕೂತಳು. "ನನ್ನ ದನಿ ಕೇಳಿಸ್ಲಿಲ್ವೇನೇ ನಿಂಗೆ?"

"ಕೇಳಿಸ್ತು" ಎಂದಳು ಗುಬ್ಬಿ.

ಜವಾನ ಒದ್ದೆ ಕಾಲಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತ. ಮಗುವನ್ನು ಕಂಡು ಗೋಡೆಗೆ ಒರಗಿದವನು, ಕೈಚಾಚಿ ದೀಪ ಹಾಕಿದ.

ತಾಯಿ ಎರಡೂ ತೋಳು ಚಾಚಿ ಮತ್ತೆ ಕರೆದಳು. ಮಗು ಅಲ್ಲಿಂದ ಕದಲಲಿಲ್ಲ. ತಾಯಿಯ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿತು. ಆಮೇಲೆ ನನ್ನ ವಿದ್ಯಾರ್ಥಿನಿಯ ಸೆರಗು ಹಿಡಿದು ಕೇಳಿತು:

"ಹೋಗ್ಬಹುದಾ ಟೀಚರ್?"