ಫರ್ಮಾದ ಹಣೆ

ನಾನು ಕೊಯ್ದ ಪಟ್ಟಿಗಳು ಕೂಡುತ್ತಿದ್ದವು. ಅನಿಲಕುಮಾರ ಕೊಯ್ದವು ಕೂಡುತ್ತಿರಲಿಲ್ಲ. ಗರಗಸ ಒಂದೇ, ಕಟ್ಟಿಗೆ ಒಂದೇ, ಫರ್ಮಾ ಒಂದೇ. ಮೊದಮೊದಲು ಇಬ್ಬರೂ ನಕ್ಕೆವು. ಆಮೇಲೆ ಅವನು ನಗುವುದನ್ನು ಬಿಟ್ಟ.

ಸಿಂಧನೂರಿನಲ್ಲಿ ಅವನ ಮನೆಯ ಹಿತ್ತಲಿಗೆ ಒಂದು ತಗಡಿನ ಶೆಡ್ಡಿದೆ. ಹಿಂದೆ ಅದರಲ್ಲಿ ಬೀಜ, ಗೊಬ್ಬರದ ಚೀಲ ಇಡುತ್ತಿದ್ದರು. ಅವರ ಅಂಗಡಿ ದೊಡ್ಡ ರಸ್ತೆಗೆ ಹೋದ ಮೇಲೆ ಖಾಲಿ ಬಿದ್ದಿತ್ತು. ಫೋನಿನಲ್ಲಿ ವಿಡಿಯೊ ನೋಡಿ ನೋಡಿ ನಾವಿಬ್ಬರೂ ಅಲ್ಲಿ ಬಡಿಗತನ ಶುರು ಮಾಡಿದೆವು. ನಾನು ಜವಳಗೇರಾದ ಹೈಸ್ಕೂಲಿನ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ನನ್ನ ಬಾಡಿಗೆ ಮನೆಯಲ್ಲಿ ಕಟ್ಟಿಗೆಗೆ ರಂದಾ ಹೊಡೆದು ನುಣುಪು ಮಾಡುವಷ್ಟು ಜಾಗವಿಲ್ಲ. ಅನಿಲ ಶೆಡ್ಡಿನ ಎರಡನೆಯ ಕೀಲಿ ನನಗೆ ಕೊಟ್ಟು, "ಯಾವಾಗರ ಬಾರಲೇ ನಿಂಗ್ಯಾ, ನನ್ನ ಕೇಳಬ್ಯಾಡ" ಅಂದಿದ್ದ. ಅವರ ಮನೆಯಲ್ಲಿ ದಿನವೂ ಲಿಂಗಪೂಜೆ. ನಮ್ಮ ಗೋಡೆಯ ಮೇಲೆ ಬುದ್ಧನ ಪಟ. ಶೆಡ್ಡಿನಲ್ಲಿ ಎರಡೂ ಇರಲಿಲ್ಲ, ಕಟ್ಟಿಗೆ ಇತ್ತು. ಬೇರೆ ಯಾರೂ ನನಗೆ ತಮ್ಮ ಮನೆಯ ಕೀಲಿ ಕೊಟ್ಟವರಲ್ಲ. ಅದನ್ನು ಗಾಡಿಯ ಕೀಲಿಯ ಜೊತೆ ಪೋಣಿಸದೆ ಬೇರೆಯೇ ಇಟ್ಟುಕೊಂಡಿದ್ದೆ.

ಫರ್ಮಾ ನಾವೇ ಕೂಡಿ ಮಾಡಿದ್ದು. ಗರಗಸದ ಮೇಜಿನ ಮೇಲೆ ಹಿಂದೆ ಮುಂದೆ ಜಾರುವ ಒಂದು ಪ್ಲೈವುಡ್ ಹಲಗೆ. ಅದರ ಮೇಲೆ ಅಡ್ಡಲಾಗಿ ನಿಲ್ಲಿಸಿದ ಒಂದು ಪಟ್ಟಿ. ಕಟ್ಟಿಗೆಯನ್ನು ಆ ಪಟ್ಟಿಗೆ ಒತ್ತಿ ಹಿಡಿದು ಹಲಗೆಯನ್ನು ದೂಡಿದರೆ ಮೂಲೆ ನೇರವಾಗಿ ಕೊಯ್ದು ಬರುತ್ತದೆ. ನಿಂತ ಪಟ್ಟಿಯನ್ನು ಹಳೆಯ ಕಪಾಟಿನ ಬಾಗಿಲಿನಿಂದ ತೆಗೆದಿದ್ದೆವು. ಅದಕ್ಕೆ ಬಿಳಿ ಮೈಕಾ ಇತ್ತು, ನುಣ್ಣಗಿತ್ತು.

ಮಹಾನವಮಿಗೆ ಅನಿಲನ ತಾಯಿ ಕಲ್ಯಾಣಮ್ಮ ಶೆಡ್ಡಿಗೆ ಬಂದು ಗರಗಸಕ್ಕೆ ನೀರು ಚಿಮುಕಿಸಿ, ಪೂಜೆ ಮಾಡಿ ಹೋದರು. ಮರುದಿನ ಗರಗಸದ ಕಬ್ಬಿಣದ ಮೇಜಿನ ಮೇಲೆ ತುಕ್ಕು. ಅನಿಲ ನನ್ನ ಎದುರೇ ಕೂಗಾಡಿದ. "ಇದೇನು ಗುಡಿ ಅಲ್ಲಬೇ. ಇನ್ನ ಮ್ಯಾಲ ಒಳಗ ಕಾಲಿಡಬ್ಯಾಡ." ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೋದರು. ಅದಾದ ಕೆಲವು ದಿನಕ್ಕೆ ಗರಗಸ ಅವನ ಹೆಬ್ಬೆರಳನ್ನು ಸವರಿತು. ರಕ್ತಕ್ಕೆ ಅರಿವೆ ಕಟ್ಟಿದವರೂ ಆಕೆಯೇ.

ತೊಟ್ಟಿಲು ಶುರುವಾದದ್ದು ಆಮೇಲೆ. ಅನಿಲನ ತಂಗಿ ಅಶ್ವಿನಿ ಬಾಣಂತನ ಮುಗಿಸಿ ಕೂಸಿನ ಜೊತೆ ಲಿಂಗಸುಗೂರಿಗೆ, ಗಂಡನ ಮನೆಗೆ ಹೊರಡುವವಳಿದ್ದಳು. ತವರಿನ ತೊಟ್ಟಿಲು ಅವಳ ಜೊತೆ ಹೋಗಬೇಕು. ಅಂಗಡಿಯದು ಬೇಡ, ನಾನೇ ಮಾಡುತ್ತೇನೆ ಎಂದು ಅನಿಲ ಬೀಗರ ಎದುರಿಗೆ ಹೇಳಿಬಿಟ್ಟಿದ್ದ.

ಭಾನುವಾರ ಅವನು ಬೀಜದ ಚೀಲ ಹೇರಿಕೊಂಡು ಮಸ್ಕಿ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದ. ಶೆಡ್ಡಿನಲ್ಲಿ ನಾನೊಬ್ಬನೇ ನನ್ನ ಪುಸ್ತಕದ ಕಪಾಟಿನ ಕೆಲಸ ಮಾಡುತ್ತಿದ್ದೆ. ಸೋಮವಾರ ಸಂಜೆ ಅಂಗಡಿ ಮುಚ್ಚಿ ಬಂದು ಅವನು ತೊಟ್ಟಿಲಿನ ಪಟ್ಟಿ ಕೊಯ್ಯುತ್ತಿದ್ದ. ಜೋಡಿಸಿದರೆ ಮೂಲೆಯಲ್ಲಿ ಉಗುರು ತೂರುವ ಸಂದು. ಅವನ್ನು ಒಗೆದು ಮತ್ತೆ ಕೊಯ್ಯುವುದು, ಮತ್ತೆ ಸಂದು.

"ನೀ ನಿನ್ನ ಕೆಲಸ ಮುಗದ ಮ್ಯಾಲ ಫರ್ಮಾದ ಪಟ್ಟಿ ಸಡಿಲ ಮಾಡಿ ಹೋಗ್ತಿಯೇನಲೇ?" ಅಂದ ಒಂದು ಸಲ.

"ಹೂಂ, ನಿಮ್ಮ ಬೀಗರು ಹೇಳ್ಯಾರ" ಅಂದೆ.

ಅವನು ನಗಲಿಲ್ಲ. "ನಿನ್ನ ಕಪಾಟು ಮುಗೀತು ನೋಡು. ನನ್ನ ತೊಟ್ಟಿಲ ಮುಗೀವಲ್ದು."

ಮುಂದಿನ ಭಾನುವಾರ ಫರ್ಮಾದ ಮೇಲೆ ಪೆನ್ಸಿಲಿನ ಸಣ್ಣ ಗೆರೆಯೊಂದು ಕಂಡಿತು. ನಿಂತ ಪಟ್ಟಿಯಿಂದ ತಳದ ಹಲಗೆಗೆ ಇಳಿದಿತ್ತು. ಪಟ್ಟಿ ಕೂದಲೆಳೆಯಷ್ಟು ಸರಿದರೂ ಗೆರೆ ಮುರಿದು ಕಾಣಬೇಕು. ನನಗೆ ಹೇಳದೆ ಎಳೆದ ಗೆರೆ. ನಾನೂ ನೋಡಿದೆ ಎಂದು ಹೇಳಲಿಲ್ಲ. ಗೆರೆ ಅಲುಗಲಿಲ್ಲ, ಆದರೂ ಅವನ ಪಟ್ಟಿಗಳು ಸೊಟ್ಟವೇ ಬಂದವು. ಅವನ ಅನುಮಾನ ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮೂಲೆ ನೇರವಿದೆಯೋ ಎಂದು ಅಳೆಯುವ ಗುಣ್ಯಾ ಶೆಡ್ಡಿನ ಮೊಳೆಯ ಮೇಲಿನಿಂದ ಮಾಯವಾಗಿ ಅವರ ಪಡಸಾಲೆಯ ಅಲಮಾರು ಸೇರಿತು. ನಾನು ಬಂದರೆ ಅವನು ನನ್ನ ಮುಖಕ್ಕಿಂತ ಮೊದಲು ನನ್ನ ಕೈ ನೋಡುತ್ತಿದ್ದ. ನನಗೂ ಒಂದು ಅನುಮಾನ ಹತ್ತಿತು. ಕೀಲಿ ವಾಪಸು ಕೇಳಲು ಇವನಿಗೆ ಒಂದು ನೆಪ ಬೇಕಾಗಿದೆ. ಬಾಯಿಬಿಟ್ಟು ಕೇಳಲಾರದೆ ತನ್ನ ಪಟ್ಟಿಗಳನ್ನು ತಾನೇ ಕೆಡಿಸುತ್ತಿದ್ದಾನೆ.

ಆ ಸೋಮವಾರ ಶಾಲೆಗೆ ರಜೆ ಇತ್ತು. ಅವನು ಅಂಗಡಿಗೆ ಹೋದ ಮೇಲೆ, ಮುಂಜಾನೆ, ನಾನು ಶೆಡ್ಡಿನ ಬಾಗಿಲು ತೆಗೆದೆ. ಸೋಮವಾರ ನಾನು ಅಲ್ಲಿಗೆ ಬಂದದ್ದು ಅದೇ ಮೊದಲು. ಅವನು ಕೊಯ್ಯುವ ದಿನವೇ ಫರ್ಮಾ ಹೇಗಿರುತ್ತದೆ ನೋಡಬೇಕಿತ್ತು. ಒಂದು ತುಂಡು ಸಾಗವಾನಿಯನ್ನು ನಿಂತ ಪಟ್ಟಿಗೆ ಒತ್ತಿದೆ. ಒಂದು ಕಡೆ ಕೂತಿತು, ಇನ್ನೊಂದು ಕಡೆ ಕೂಡಲಿಲ್ಲ. ತುಂಡನ್ನು ತೆಗೆದು ನೋಡಿದರೆ ಅದರ ಮೈಗೆ ಒದ್ದೆ ಬಿಳಿ ಹತ್ತಿತ್ತು.

ಬಾಗಿ ನೋಡಿದೆ. ಬಿಳಿ ಮೈಕಾದ ಮೇಲೆ ಬಿಳಿಯ ಮೂರು ಬೆರಳಿನ ಗೆರೆ. ಕೆಳಗೆ ಹಳೆಯವುಗಳ ತೆಳು ಕಲೆ ಉಳಿದಿತ್ತು, ಮೇಲಿನದು ಹಸಿ ಇತ್ತು. ಅವನು ಕೊಯ್ದಂತೆಲ್ಲ ಕಟ್ಟಿಗೆ ತಾಗಿ ತಾಗಿ ಅದು ಸವೆಯುತ್ತದೆ, ಭಾನುವಾರ ನನ್ನ ಕೈಗೆ ಪಟ್ಟಿ ಸರಿಯಾಗಿ ಸಿಗುತ್ತದೆ. ಸೋಮವಾರ, ಶಿವನ ವಾರ, ಮತ್ತೆ ಹೊಸದು. ನಾನು ಉಳಿ ತೆಗೆದುಕೊಂಡೆ.

"ಕೆರೀಬ್ಯಾಡ ತಮ್ಮಾ. ವಿಭೂತಿ ಅದು."

ಹಿತ್ತಲ ಬಾಗಿಲಲ್ಲಿ ಕಲ್ಯಾಣಮ್ಮ ನಿಂತಿದ್ದರು. ಕೈಯಲ್ಲಿ ವಿಭೂತಿಯ ಬಟ್ಟಲು ಇನ್ನೂ ಇತ್ತು.

"ನೀವೇನ್ರೀ ಅಮ್ಮಾ?"

"ಅವತ್ತ ಅವನ ಹೆಬ್ಬಟ್ಟ ಹೋಗಿಬಿಡ್ತಿತ್ತು. ನೀನೂ ಅದಕ್ಕ ಕೈ ಒಡ್ಡಾವ. ಹಣಿಗೆ ಹಚ್ಚಿದಂಗ ಹಚ್ಚೀನಿ, ಗರಗಸಕ್ಕ ನೀರು ಸುದ್ದಾ ಚಿಮುಕಿಸಿಲ್ಲ. ಯಾರಿಗೂ ಕಾಣೂದಿಲ್ಲ."

"ಇದರಿಂದನ ತೊಟ್ಟಿಲು ಸೊಟ್ಟ ಆಗಾಕತ್ತೈತ್ರಿ."

"ವಿಭೂತಿ ಹಚ್ಚಿದ್ರ ಸೊಟ್ಟ ಆಗತೈತೇನೋ?" ಆಕೆಯ ದನಿ ಗಡುಸಾಯಿತು.

ಹೌದು ಎಂದು ಅವರ ಮನೆಯವರೇ ಯಾರಾದರೂ ಹೇಳಿದ್ದರೆ ಬರಿಯ ಮಾತಾಗಿರುತ್ತಿತ್ತು, ನಾನು ಹೇಳಿದರೆ ಅವರ ದೇವರಿಗೇ ಅಂದಂತೆ. ನಾನು ತುಂಡನ್ನು ಮತ್ತೆ ಪಟ್ಟಿಗೆ ಒತ್ತಿ, ಸಂದಿನಲ್ಲಿ ನುಸುಳುವ ಬೆಳಕನ್ನು ತೋರಿಸಿದೆ. ಆಕೆ ಬಾಗಿ ಅದನ್ನೇ ನೋಡಿದರು.

"ಅವಗ ಹೇಳಬ್ಯಾಡ" ಅಂದರು. "ಬೈತಾನ."

"ಹೇಳದಿದ್ರ ಅವಗ ನಾನ ಕಳ್ಳ ಆಗ್ತೀನ್ರಿ."

"ಗೊತ್ತೈತಿ. ನಿನ್ನ ಮ್ಯಾಲ ಸಂಶೆ ಮಾಡ್ಯಾನ. ಅಡಗಿ ಮನಿಗೆ ಎಲ್ಲಾ ಕೇಳತೈತಿ."

ಗೊತ್ತಿದ್ದೂ ಸುಮ್ಮನಿದ್ದರು. ಅಷ್ಟರಲ್ಲಿ ಓಣಿಯ ಕಡೆಯ ಬಾಗಿಲು ಕತ್ತಲಾಯಿತು. ಅನಿಲ ಅಂಗಡಿ ಬಿಟ್ಟು ಬಂದಿದ್ದ. ಸದ್ದಾಗದಂತೆ ಕಳಚಿದ ಚಪ್ಪಲಿ ಕೈಯಲ್ಲಿತ್ತು.

"ಸಿಕ್ಕಿ ನೋಡಪಾ" ಅಂದ. "ರಜಾ ಐತೆಂತ ಗೊತ್ತಿತ್ತು ನನಗ. ಉಳಿ ಹಿಡದು ಏನ ಕೆತ್ತಾಕತ್ತೀ?"

ನಾನು ಕಲ್ಯಾಣಮ್ಮನ ಕಡೆ ನೋಡಿದೆ. ಹೇಳಬೇಕಾದವರು ಅವರು. ಆಕೆ ನೆಲ ನೋಡುತ್ತಿದ್ದರು. ಒಳಗೆ ಕೂಸು ಅತ್ತಿತು, ಅಶ್ವಿನಿ ಅದನ್ನು ರಮಿಸುವುದು ಕೇಳಿತು. ನಾನು ಉಳಿಯನ್ನು ಮೇಜಿನ ಮೇಲಿಟ್ಟೆ.

"ಬಾಯಿ ಬಿಡಲೇ!"

ಕಲ್ಯಾಣಮ್ಮ ನನ್ನನ್ನು ದಾಟಿ ಮುಂದೆ ಬಂದರು. ಬಟ್ಟಲಿನಲ್ಲಿ ಮೂರು ಬೆರಳು ಅದ್ದಿ, ಮಗನ ಎದುರಿಗೇ, ಫರ್ಮಾದ ಪಟ್ಟಿಗೆ ಎಳೆದರು. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮಗನನ್ನು ನೋಡುತ್ತ ನಿಂತರು.

ಅನಿಲ ಚಪ್ಪಲಿ ಕೆಳಗೆ ಹಾಕಿದ. ಪಟ್ಟಿಯ ಹತ್ತಿರ ಬಂದು ಹೆಬ್ಬೆರಳಿನಿಂದ ಸವರಿದ, ಗಾಯದ ಗುರುತಿದ್ದ ಅದೇ ಹೆಬ್ಬೆರಳು. ಬೈಯುತ್ತಾನೆ ಅಂದುಕೊಂಡೆ. ಅವನು, "ಎಷ್ಟ ಸೋಮಾರ ಆತಬೇ?" ಎಂದ.

ಸಾಗವಾನಿಯ ಸಣ್ಣ ಚೂರೊಂದನ್ನು ನುಣ್ಣಗೆ ಮಾಡಿ, ಪಟ್ಟಿಯ ಹಿಂಬದಿಗೆ, ಕಟ್ಟಿಗೆ ತಾಗದ ಕಡೆ ನಾನು ಸ್ಕ್ರೂ ಹಾಕಿ ಕೂರಿಸಿದೆ. "ಅಮ್ಮಾ, ಇನ್ನ ಮ್ಯಾಲ ಫರ್ಮಾದ ಹಣಿ ಇದು ನೋಡ್ರಿ, ಇಲ್ಲಿ ಹಚ್ರಿ" ಅಂದೆ. ಮುಂಬದಿಯನ್ನು ಆಕೆಯೇ ಅರಿವೆಯಿಂದ ಒರೆಸಿದರು, ಕೂಸಿನ ಮುಖ ಒರೆಸುವ ಹಾಗೆ. ಅನಿಲ ಪಟ್ಟಿ ಕೊಯ್ದ, ನಾನು ಇನ್ನೊಂದು ತುದಿ ಹಿಡಿದೆ. ತೊಟ್ಟಿಲಿನ ನಾಲ್ಕೂ ಮೂಲೆ ಕೂಡಿದವು. ಉಗುರು ಹೋಗಲಿಲ್ಲ.

ಅನಿಲ ಮರಳುಕಾಗದ ತೆಗೆದುಕೊಂಡು ಫರ್ಮಾದ ಮೇಲಿನ ಪೆನ್ಸಿಲ್ ಗೆರೆ ಉಜ್ಜಿದ. ಆಮೇಲೆ, ನನ್ನ ಕಡೆ ನೋಡದೆ, ಮೂಲೆಯಲ್ಲಿದ್ದ ನನ್ನ ಸಾಮಾನಿನ ಪೆಟ್ಟಿಗೆಯ ಹತ್ತಿರ ಹೋಗಿ ಅದರ ಮುಚ್ಚಳದ ಅಂಚನ್ನೂ ಉಜ್ಜಿದ. ಅಲ್ಲಿಯೂ ಗೆರೆ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಹೊರಡುವಾಗ ಕೀಲಿಯನ್ನು ಮೊಳೆಗೆ ಹಾಕಿದೆ. ಗುಣ್ಯಾ ತೂಗುತ್ತಿದ್ದ ಮೊಳೆ, ಖಾಲಿ ಇತ್ತು.

"ಕೀಲಿ ಮರತು ಹೊಂಟಿಯಲ್ಲೋ" ಅಂದ ಅನಿಲ.

"ಮರತಿಲ್ಲ."

ಅವನು ತೊಟ್ಟಿಲಿನ ಅಂಚು ಸವರಿದ. "ಬಣ್ಣ ಹಚ್ಚೂದೈತಿ. ಐತವಾರ ನಾ ಮಸ್ಕಿ ಕಡೆ ಹೋಗಿರ್ತೀನಿ, ನೀ ಬರ್ತಿಯಿಲ್ಲ?"

"ನೀ ಇದ್ದಾಗ ಬರ್ತೀನಿ" ಅಂದೆ.