ಐದನೆಯ ವಿಹಾರದಲ್ಲಿ ಓದಿದ ಹೆಸರು

ಐದನೆಯ ವಿಹಾರ ತಲುಪುವ ಹೊತ್ತಿಗೆ ವ್ಯಾನಿನಲ್ಲಿದ್ದ ಹೆಂಗಸರ ಭಕ್ತಿ ಅರ್ಧ ಇಳಿದಿತ್ತು. ಒಬ್ಬಳಿಗೆ ಸೊಂಟನೋವು, ಇನ್ನೊಬ್ಬಳಿಗೆ ದಾರಿಯುದ್ದಕ್ಕೂ ವಾಂತಿ. ನೋಮ್ ಪೆನ್ನಿನ ಒಂದೇ ಮಾರುಕಟ್ಟೆಯಲ್ಲಿ ಮೀನು, ಹಂದಿಮಾಂಸ, ಸೊಪ್ಪು ಮಾರುವ ಒಂಬತ್ತು ಜನ ಅವರು. ಪಿಂಡದ ಹಬ್ಬದ ಕೊನೆಯ ಮೂರು ದಿನ ಅಂಗಡಿ ಮುಚ್ಚಿ, ವ್ಯಾನು ಬಾಡಿಗೆಗೆ ಹಿಡಿದು, ಏಳು ವಿಹಾರ ಸುತ್ತಲು ಹೊರಟಿದ್ದರು. ಪ್ರತಿ ಊರಿನಲ್ಲೂ ಮೊದಲು ವಿಹಾರ, ಆಮೇಲೆ ಸಂತೆ. ರಜೆಯಲ್ಲಿದ್ದರೂ ಕೈ ಸುಮ್ಮನಿರುತ್ತಿರಲಿಲ್ಲ. ಕಂಡವರ ಬುಟ್ಟಿಯ ಮೀನಿನ ಕಿವಿರು ಎತ್ತಿ ನೋಡಿ ಮೂಗು ಮುರಿಯುತ್ತಿದ್ದರು.

"ಇಂಥದ್ದನ್ನ ನಾನು ಬೆಕ್ಕಿಗೂ ಹಾಕಲ್ಲ," ಎಂದು ಆ ಬೆಳಿಗ್ಗೆ ಒಂದು ಸಂತೆಯಲ್ಲಿ ಹೇಳಿ ಥಾವಿ ಬೈಸಿಕೊಂಡಿದ್ದಳು.

"ನಿನ್ನ ಬಾಯಿಗೆ ಬೀಗ ಹಾಕ್ಬೇಕು ಕಣೇ," ಎಂದಿದ್ದಳು ಸಿಯೆಂಗಕ್ಕ. ಮಾರುಕಟ್ಟೆಯಲ್ಲಿ ಥಾವಿಯ ಪಕ್ಕದ ಕಟ್ಟೆ ಅವಳದು. ಹಂದಿಮಾಂಸ ಕಡಿದು ಕಡಿದು ಬಲಗೈ ಎಡಗೈಗಿಂತ ದಪ್ಪವಾಗಿದ್ದ ಹೆಂಗಸು.

ಉಳಿದವರಿಗೆ ಈ ಸುತ್ತಾಟ ಹಬ್ಬ, ಥಾವಿಗೆ ಹಾಗಲ್ಲ. ಈ ಹದಿನೈದು ದಿನ ಸತ್ತವರು ತಮ್ಮವರನ್ನು ಹುಡುಕಿಕೊಂಡು ವಿಹಾರದಿಂದ ವಿಹಾರಕ್ಕೆ ಅಲೆಯುತ್ತಾರೆ. ಏಳು ಕಡೆ ನೋಡಿಯೂ ತಮ್ಮ ಹೆಸರಿನಲ್ಲಿ ಅನ್ನ ಸಿಗದಿದ್ದರೆ ಶಪಿಸಿ ಹಿಂದಿರುಗುತ್ತಾರೆ. ಊರಿದ್ದವರು ತಮ್ಮೂರಿನ ಸುತ್ತಲ ಏಳು ವಿಹಾರ ನೋಡಿಕೊಂಡರೆ ಸಾಕು. ತನ್ನವರು ಸತ್ತದ್ದು ಎಲ್ಲಿ ಎಂಬುದೇ ಥಾವಿಗೆ ಗೊತ್ತಿರಲಿಲ್ಲ. ಆದ್ದರಿಂದ ಪ್ರತಿ ವರ್ಷ ಬೇರೆ ದಿಕ್ಕು, ಬೇರೆ ಏಳು ವಿಹಾರ.

ಇಪ್ಪತ್ತೊಂದು ವರ್ಷದ ಹಿಂದೆ, ಆಗ ದೇಶ ಆಳುತ್ತಿದ್ದ ಕರಿಬಟ್ಟೆಯ ಬಂಡುಕೋರರು ಅವಳನ್ನು ಮಕ್ಕಳ ದಂಡಿಗೆ ಸೇರಿಸಿ ಕಾಲುವೆ ತೋಡಲು ಅಟ್ಟಿದಾಗ ಅವಳಿಗೆ ಹನ್ನೊಂದು ವರ್ಷ. ಅಪ್ಪ, ಅವ್ವ ಇದ್ದ ಗುಂಪನ್ನು ಪೂರ್ತಿ ಮುಗಿಸಿದರು ಎಂದು ಆಮೇಲೆ ಯಾರೋ ಹೇಳಿದರು. ಅಣ್ಣ ಬೊರೆಯ್‌ನನ್ನು ಗಡಿಯ ನಿರಾಶ್ರಿತರ ಶಿಬಿರದಲ್ಲಿ ನೋಡಿದೆ ಎಂದು ಇನ್ಯಾರೋ ಹೇಳಿದರು. ಎರಡನ್ನೂ ಅವಳು ನಂಬಿದ್ದಳು. ಹೀಗಾಗಿ ವಿಹಾರದಲ್ಲಿ ಓದಿಸಲು ಅವಳು ಬರೆದ ಸತ್ತವರ ಪಟ್ಟಿಯಲ್ಲಿ ಅಜ್ಜ, ಅಜ್ಜಿ, ಅಪ್ಪ, ಅವ್ವ ಇದ್ದರು, ಅಣ್ಣ ಇರಲಿಲ್ಲ.

ವಿಹಾರದ ಜಗಲಿಯಲ್ಲಿ ಸೆಕೆ, ಊದುಬತ್ತಿಯ ಹೊಗೆ, ಚಾಪೆಯ ಮೇಲೆ ಕಾಲು ಮಡಚಿ ಕೂತ ನೂರಾರು ಜನ. ಹನ್ನೆರಡು ಮಂದಿ ಭಿಕ್ಷುಗಳು ಸಾಲಾಗಿ ಕೂತಿದ್ದರು. ಅವರ ಪಕ್ಕದಲ್ಲಿ ವಿಹಾರದ ವಿಧಿಗಳನ್ನು ನಡೆಸಿಕೊಡುವ ಆಚಾರ್, ಬಿಳಿ ಅಂಗಿಯ ಮುದುಕ, ಮೈಕಿನಲ್ಲಿ ಪಟ್ಟಿಗಳನ್ನು ಒಂದೊಂದಾಗಿ ಓದುತ್ತ, ಓದಿದ ಕಾಗದವನ್ನು ಕಂಚಿನ ಬೋಗುಣಿಯ ಬೆಂಕಿಗೆ ಹಾಕುತ್ತಿದ್ದ. ಹೆಸರು ಹೊಗೆಯಾಗಿ ಮೇಲೇರಿದರೆ ಸತ್ತವರಿಗೆ ಬೇಗ ತಲುಪುತ್ತದೆ ಎಂಬ ನಂಬಿಕೆ.

ಸಿಯೆಂಗಕ್ಕ ಆಕಳಿಸುತ್ತಿದ್ದಳು. ಥಾವಿ ಬೀಸಣಿಗೆ ಆಡಿಸುತ್ತಿದ್ದಳು.

"ಔಕ್ ಪ್ರಾಕ್," ಎಂದ ಆಚಾರ್. "ಅವನ ಹೆಂಡತಿ ಡೋಂಗ್. ಮಗ ಔಕ್ ಸಾರೆಟ್."

"ನಿಮ್ಮೋರ ಸರದಿ ಬಂತು," ಎಂದು ಸಿಯೆಂಗಕ್ಕ ಮೊಣಕೈಯಿಂದ ತಿವಿದಳು. ನಾಲ್ಕು ವಿಹಾರಗಳಲ್ಲಿ ಕೇಳಿ ಕೇಳಿ ಅವಳಿಗೂ ಹೆಸರುಗಳು ಬಾಯಿಪಾಠವಾಗಿದ್ದವು.

ಥಾವಿ ಕೈಮುಗಿದಳು.

"ಔಕ್ ಬೊರೆಯ್," ಎಂದ ಆಚಾರ್. "ಔಕ್ ಥಾವಿ."

ಸಿಯೆಂಗಕ್ಕ ಕಿಸಕ್ಕನೆ ನಕ್ಕಳು. "ನಿನ್ನ ಹೆಸ್ರೂ ಬರ್ದಿದೀಯಲ್ಲೇ. ಮುಂಚಿತವಾಗೇ ಉಣ್ಣೋ ಯೋಚ್ನೆಯಾ?"

ಥಾವಿಯ ಮುಗಿದ ಕೈಗಳ ನಡುವೆ ಏನೋ ಚುಚ್ಚುತ್ತಿತ್ತು. ಬಿಡಿಸಿ ನೋಡಿದಳು. ನಾಲ್ಕಾಗಿ ಮಡಚಿದ ಅವಳ ಪಟ್ಟಿ. ಅದನ್ನು ಅವಳು ಇನ್ನೂ ಕೊಟ್ಟೇ ಇರಲಿಲ್ಲ.

ಆಚಾರನ ಕೈ ಕಾಗದದೊಂದಿಗೆ ಬೋಗುಣಿಯ ಕಡೆ ಹೋಗುತ್ತಿತ್ತು. ಥಾವಿ ಎದ್ದಳು. ಒಬ್ಬಳ ತೊಡೆ ತುಳಿದು, ಯಾರದೋ ಅನ್ನದ ಕ್ಯಾರಿಯರ್ ಉರುಳಿಸಿ, ಭಿಕ್ಷುಗಳ ಮುಂದೆ ತಲೆ ತಗ್ಗಿಸುವುದನ್ನೂ ಮರೆತು ಓಡಿ, ಬೋಗುಣಿಗೆ ಕೈಹಾಕಿದಳು. ಕಾಗದದ ಒಂದು ಮೂಲೆ ಹತ್ತಿಕೊಂಡಿತ್ತು. ಅಂಗೈಯಲ್ಲಿ ಹೊಸಕಿ ಆರಿಸಿದಳು.

"ಏ, ಏ, ಏನಮ್ಮಾ ಇದು," ಎಂದ ಆಚಾರ್. ಮೈಕಿನಲ್ಲೇ ಅಂದದ್ದರಿಂದ ವಿಹಾರಕ್ಕೆಲ್ಲ ಕೇಳಿಸಿತು. ಭಿಕ್ಷುಗಳ ಸಾಲಿನಲ್ಲಿ ಒಬ್ಬ ಕಣ್ಣು ತೆರೆದು ಮತ್ತೆ ಮುಚ್ಚಿದ.

ಥಾವಿ ಅಲ್ಲೇ ಕುಕ್ಕರಿಸಿ ಓದಿದಳು. ಹೆಸರುಗಳೆಲ್ಲ ಸರಿಯಾಗಿದ್ದವು. ಅಜ್ಜ, ಅಜ್ಜಿ, ಅಪ್ಪ, ಬೊರೆಯ್, ತಾನು. ಬರೆಸಿದವರ ಹೆಸರು ಎಲ್ಲೂ ಇರಲಿಲ್ಲ. ಎರಡನೆಯ ಸಲ ಓದಿದಳು. ಮೂರನೆಯ ಸಲ ಓದುವಾಗ, ಇಲ್ಲದಿರುವ ಹೆಸರು ಕಾಣಿಸಿತು.

ಇಮ್ ಯೋನ್. ಅವಳ ಅವ್ವ.

ಮನೆಯ ಎಲ್ಲರನ್ನೂ ಬರೆಸಿದವರು ಅವ್ವನನ್ನು ಮಾತ್ರ ಮರೆಯುವುದಿಲ್ಲ. ಮರೆತಿಲ್ಲ ಎಂದರೆ ಅವಳು ಸತ್ತಿಲ್ಲ. ಹಾಗೆಯೇ ಆ ಲೆಕ್ಕದಲ್ಲಿ ಬೊರೆಯ್ ಬದುಕಿಲ್ಲ. ಒಬ್ಬಳು ಎದ್ದಳು, ಒಬ್ಬ ಸತ್ತ. ಯಾವುದಕ್ಕೆ ಮೊದಲು ಅಳಬೇಕೆಂದು ತಿಳಿಯದೆ ಥಾವಿ ಯಾವುದಕ್ಕೂ ಅಳಲಿಲ್ಲ.

"ಅಜ್ಜಾ, ಇದನ್ನ ಕೊಟ್ಟೋರು ಯಾರು?"

"ತಟ್ಟೇಲಿ ಹಾಕಿ ಹೋಗ್ತಾರಮ್ಮ. ನೂರಾರು ಚೀಟಿ. ಯಾರ್ದು ಯಾವ್ದು ಅಂತ ನಾನು ಹೇಗೆ ಹೇಳ್ಲಿ?"

"ಮೈಕಲ್ಲಿ ಕರೀರಿ."

"ಯಾರನ್ನ ಅಂತ ಕರೀಲಿ? ಏನು ವಿಷಯ ಮೊದ್ಲು ಹೇಳು."

"ಇದ್ರಲ್ಲಿ ಔಕ್ ಥಾವಿ ಅಂತಿದ್ಯಲ್ಲ, ಅದು ನಾನು."

ಆಚಾರ್ ಕನ್ನಡಕ ತೆಗೆದು ಅವಳನ್ನು ನೋಡಿದ. ಅಷ್ಟರಲ್ಲಿ ಸಿಯೆಂಗಕ್ಕ ಏದುಸಿರು ಬಿಡುತ್ತ ಬಂದಿದ್ದಳು. ಥಾವಿಯ ಗುರುತಿನ ಚೀಟಿಯನ್ನು ಅವಳ ಚೀಲದಿಂದ ಕಿತ್ತು ಮುದುಕನ ಮೂಗಿನ ಕೆಳಗೆ ಹಿಡಿದಳು. ಮುದುಕ ಓದಿ, ಮತ್ತೆ ಕನ್ನಡಕ ಹಾಕಿಕೊಂಡು ಮೈಕು ಹಿಡಿದ. ಒಂದೆರಡು ಸಲ ಕೆಮ್ಮಿದ.

"ಔಕ್ ಸಾರೆಟ್ ಅವರ ಕಡೆಯೋರು ಯಾರಾದ್ರೂ ಇದ್ರೆ ನಗಾರಿ ಹತ್ರ ಬರ್ಬೇಕು. ಹೆದರ್ಕೊಳ್ಳೋಂಥದ್ದು ಏನಿಲ್ಲ."

ಕೊನೆಯ ಮಾತು ಹೇಳಬಾರದಿತ್ತು. ಜನ ಹೆದರಿ ತಿರುಗಿ ನೋಡತೊಡಗಿದರು.

ಅಂಗಳದಲ್ಲಿ ನಗಾರಿಯ ಬಳಿ ಆಚಾರನೂ ಸೇರಿ ಮೂವರೂ ನಿಂತರು. ಬಹಳ ಹೊತ್ತು ಯಾರೂ ಬರಲಿಲ್ಲ. ಬಂದು, ಪಟ್ಟಿ ಕೊಟ್ಟು, ಊರಿಗೆ ಹೊರಟುಹೋಗಿರಬಹುದು ಎಂದು ಸಿಯೆಂಗಕ್ಕ ಮೆಲ್ಲಗೆ ಅಂದಳು. ಆಗ ಅಡುಗೆಯ ಚಪ್ಪರದ ಕಡೆಯಿಂದ ಒಬ್ಬ ಮುದುಕಿ ಬಂದಳು. ಈ ವಯಸ್ಸಿನಲ್ಲಿ ವ್ರತ ಹಿಡಿಯುವ ಹೆಂಗಸರಂತೆ ತಲೆ ಬೋಳಿಸಿದ್ದಳು, ಬಿಳಿ ಸೀರೆಯಂಥ ಬಟ್ಟೆ ಹೆಗಲಿಗೆ ಸುತ್ತಿದ್ದಳು. ಕೈಯಲ್ಲಿ ಮುಚ್ಚಳವಿಲ್ಲದ ಅನ್ನದ ಡಬ್ಬಿ.

"ನಾನು ಸಾರೆಟ್ ಹೆಂಡ್ತಿ," ಎಂದಳು. "ಏನಾಯ್ತು ಆಚಾರ್? ಚೀಟಿ ತಪ್ಪಿತ್ತಾ? ಬರೆದ ಹುಡುಗಿಗೆ ಅಕ್ಷರ ಅಷ್ಟಕ್ಕಷ್ಟೆ."

ದನಿ ಅದೇ. ಮುಖ ಬೇರೆ ಯಾರದೋ. ಎಡ ಕಿವಿಯ ಹಾಲೆ ಹರಿದದ್ದು ಅದೇ.

"ಅವ್ವಾ, ನಾನು ಥಾವಿ."

ಮುದುಕಿ ಎರಡು ಹೆಜ್ಜೆ ಹಿಂದೆ ಹೋದಳು. ಓಡಲಿಲ್ಲ, ಕೂಗಲಿಲ್ಲ. ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ಹಗಲು ಹೊತ್ತಿನಲ್ಲಿ ಬಾಗಿಲಿಗೆ ಬಂದ ಸಾಲ ಕೊಟ್ಟವನಿಗೆ ಹೇಳುವಂತೆ ಹೇಳಿದಳು.

"ಪ್ರತಿ ವರ್ಷ ಅನ್ನ ಹಾಕ್ತಾ ಇದೀನಲ್ಲ ಮಗಾ. ನಿಂಗೆ ಬೇರೆ, ನಿಮ್ಮಣ್ಣಂಗೆ ಬೇರೆ. ತಲುಪ್ತಾ ಇಲ್ವಾ? ಯಾಕೆ ಇಲ್ಲೀವರೆಗೂ ಬಂದೆ?"

"ಅಮ್ಮ, ಇವ್ಳು ದೆವ್ವ ಅಲ್ಲ," ಎಂದಳು ಸಿಯೆಂಗಕ್ಕ. "ನನ್ನ ಪಕ್ಕದ ಕಟ್ಟೇಲಿ ಐದು ವರ್ಷದಿಂದ ಮೀನು ಮಾರ್ತಾಳೆ. ತಕ್ಕಡಿ ಮೇಲೆ ಹೆಬ್ಬೆಟ್ಟು ಒತ್ತಿ ತೂಗ್ತಾಳೆ. ದೆವ್ವಕ್ಕೆ ಅಷ್ಟು ಬುದ್ಧಿ ಇರತ್ತಾ?"

"ನೀನ್ಯಾರು? ನೀನೂ ಇವಳ ಜೊತೆ ಬಂದೋಳು ತಾನೆ," ಎಂದಳು ಮುದುಕಿ. "ಮಕ್ಕಳ ದಂಡು ಪೂರ್ತಿ ಜ್ವರದಲ್ಲಿ ಹೋಯ್ತು. ಗುಂಡಿ ತೋರಿಸಿದ್ರು ನನಗೆ."

"ನಾನು ಆ ಗುಂಡೀಲಿ ಇರ್ಲಿಲ್ಲ ಅವ್ವಾ. ಓಡಿಹೋಗಿದ್ದೆ."

"ಎಲ್ಲರೂ ಹಾಗೇ ಹೇಳ್ತಾರೆ," ಎಂದಳು ಮುದುಕಿ, ಇಂಥವರು ಬಹಳ ಜನ ತನ್ನ ಹತ್ತಿರ ಬಂದಿದ್ದಾರೆ ಎಂಬಂತೆ. ಕನಸಿನಲ್ಲಿ ಬಂದಿದ್ದರೋ ಏನೋ. ಆಮೇಲೆ ಡಬ್ಬಿಯಿಂದ ಒಂದು ತುತ್ತು ಅನ್ನ ಹಿಡಿದು, ತೋಳು ಪೂರ್ತಿ ಚಾಚಿ, ದೂರದಿಂದಲೇ ನೀಡಿದಳು. "ತಿನ್ನು ನೋಡೋಣ."

ಆಚಾರನಿಗೆ ಅರ್ಥವಾಯಿತು. ಪ್ರೇತಕ್ಕೆ ಬಾಯಿ ಸೂಜಿಯ ಕಣ್ಣಿನಷ್ಟು. ಹಸಿವು ಎಷ್ಟೇ ಇದ್ದರೂ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಅವನೂ ಒಂದು ಹೆಜ್ಜೆ ಹಿಂದೆ ಸರಿದ.

ಥಾವಿ ತುತ್ತನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. ನಾಲಿಗೆ ಒಣಗಿ ಹಲಗೆಯಾಗಿತ್ತು. ನುಂಗಲು ಹೋದರೆ ಗಂಟಲು ಮುಚ್ಚಿಕೊಂಡಿತು. ಮತ್ತೆ ಪ್ರಯತ್ನಿಸಿದಳು. ಆಗಲಿಲ್ಲ. ಅನ್ನ ಬಾಯಲ್ಲಿ ಮಣ್ಣಿನ ಉಂಡೆಯಂತೆ ಕೂತಿತು. ಅವಳ ಕಣ್ಣು ಅಗಲವಾದವು. ಅವ್ವನ ಕಣ್ಣು ಅವಳ ಗಂಟಲಿನ ಮೇಲೆಯೇ ಇತ್ತು. ಆ ಕಣ್ಣಿನಲ್ಲಿದ್ದದ್ದು ಹೆದರಿಕೆಯಲ್ಲ, ತನಗೆ ಮೊದಲೇ ಗೊತ್ತಿತ್ತು ಎಂಬ ಆಯಾಸ.

"ನುಂಗೇ," ಎಂದು ಸಿಯೆಂಗಕ್ಕ ಹಲ್ಲು ಕಚ್ಚಿ ಅಂದಳು. "ಹಾಳಾದೋಳೇ, ನುಂಗು."

ಮುದುಕಿ ಡಬ್ಬಿಯನ್ನು ನೆಲದ ಮೇಲಿಟ್ಟು, ಕೈಮುಗಿದು, ಹೊರಡಲು ತಿರುಗಿದಳು.

ಥಾವಿ ತನ್ನ ಗಂಟಲನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಹಿಂದಕ್ಕೆ ಎತ್ತಿ, ದನಕ್ಕೆ ಗೊಟ್ಟದಲ್ಲಿ ಔಷಧಿ ಇಳಿಸುವಂತೆ ಒತ್ತಿದಳು. ತುತ್ತು ಇಳಿಯಿತು. ನೋವಿಗೆ ನೀರು ಬಂತು, ಕಣ್ಣಲ್ಲೂ ಮೂಗಲ್ಲೂ. ಕೆಮ್ಮಿದಳು. ಮುದುಕಿ ನಿಂತಳು.

"ಬಾಯಿ ತೆಗಿ."

ಥಾವಿ ಬಾಯಿ ತೆರೆದಳು. ಮುದುಕಿ ಹತ್ತಿರ ಬಂದು ಇಣುಕಿದಳು. ಸಾಲದೆಂದು ಬೆರಳು ಹಾಕಿ ನಾಲಿಗೆಯ ಕೆಳಗೆ, ದವಡೆಯ ಮೂಲೆಯಲ್ಲಿ ಹುಡುಕಿದಳು. ಬೆರಳಿಗೆ ಅಡಿಕೆ ಸುಣ್ಣದ ವಾಸನೆ. ಬಿಸಿ ಉಸಿರು ಬೆರಳಿಗೆ ತಾಗಿದಾಗ ಕೈಯನ್ನು ಹೊರಗೆಳೆದುಕೊಂಡು, ಒದ್ದೆಯಾದ ಬೆರಳನ್ನೇ ನೋಡುತ್ತ ನಿಂತಳು. ಆಮೇಲೆ ನಗಾರಿಯ ಕಂಬಕ್ಕೆ ಒರಗಿ ಕುಸಿದು ಕೂತಳು. ಥಾವಿಯೂ ಎದುರಿಗೆ ಕೂತಳು. ಒಬ್ಬರನ್ನೊಬ್ಬರು ಮುಟ್ಟಲಿಲ್ಲ.

ಜಗಲಿಯಲ್ಲಿ ಇನ್ಯಾರೋ ಮೈಕು ಹಿಡಿದು ಉಳಿದ ಪಟ್ಟಿಗಳನ್ನು ಓದತೊಡಗಿದ್ದರು.

"ಹಾಗಾದ್ರೆ," ಎಂದಳು ಮುದುಕಿ, "ಇಷ್ಟು ವರ್ಷ ನಿನ್ನ ಪಾಲು ತಿಂದೋರು ಯಾರು?"